ಸ್ಟುಡಿಯೋ ಅಕ್ಕ ಎಳೆದದ್ದು

ಪೆಟ್ಟಿಗೆಯ ತೂಕ ನಾಲ್ಕೂವರೆ ಕಿಲೋ. ಹೆಚ್ಚುಕಡಿಮೆ ಎರಡು ತಿಂಗಳ ಕೂಸಿನ ತೂಕ ಅನ್ನಿ. ಆದರೆ ಕೂಸನ್ನು ಎದೆಗೆ ಕಟ್ಟಿಕೊಂಡು ಹದಿಮೂರು ಸಾವಿರ ಅಡಿ ಎತ್ತರದಲ್ಲಿ ಯಾರೂ ವಿಮಾನದ ಬಾಗಿಲು ದಾಟುವುದಿಲ್ಲ. ಸ್ಟುಡಿಯೋ ಅಕ್ಕ ದಾಟುತ್ತಿದ್ದಳು.

"ಕಲ್ಲು ಕಟ್ಕೊಂಡು ಬಾವಿಗೆ ಬೀಳೋರ ಕಥೆ ಕೇಳಿದ್ದೀನಿ ಕಣೇ," ಎಂದು ಅವಳ ಅಮ್ಮ ಪ್ರತಿ ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. "ಕಲ್ಲು ಕಟ್ಕೊಂಡು ಆಕಾಶಕ್ಕೆ ಬೀಳೋಳನ್ನ ಹೆತ್ತಿದ್ದು ನಾನೊಬ್ಬಳೇ ಇರಬೇಕು."

"ಕಲ್ಲಲ್ಲಮ್ಮ, ಕ್ಯಾಮೆರಾ."

"ನಿಮ್ಮಪ್ಪನೂ ಅದನ್ನೇ ಹೇಳ್ತಿದ್ರು. ಆದ್ರೆ ಅವರು ಅದನ್ನ ನೆಲದ ಮೇಲೆ ಮೂರು ಕಾಲಿಟ್ಟು ನಿಲ್ಲಿಸ್ತಿದ್ರು. ನೀನು ಒಂದು ಕಾಲನ್ನೂ ಇಡಲ್ಲ."

ಅಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಪ್ಪನದು ಬಸ್ ನಿಲ್ದಾಣದ ಎದುರಿನ ಒಂದೂವರೆ ಕೋಣೆಯ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಬಣ್ಣ ಮಾಸಿದ ನೀಲಿ ಪರದೆ, ಎರಡು ದೀಪ, ತಲೆ ಬಾಚಿಕೊಳ್ಳಲು ಒಂದು ಕನ್ನಡಿ, ಹಲ್ಲು ಮುರಿದ ಬಾಚಣಿಗೆ. ಹಿಂದಿನ ಅರ್ಧ ಕೋಣೆ ಕತ್ತಲೆಯದು. ಫಿಲ್ಮು ತೊಳೆಯುವ ತಟ್ಟೆಗಳು, ಹುಳಿ ವಾಸನೆ. ಊರಿನವರೆಲ್ಲ ಸಣ್ಣ ಕ್ಯಾಮೆರಾಗಳಿಗೆ ಬಂದ ಮೇಲೂ ಅಪ್ಪ ಮಾತ್ರ ದೊಡ್ಡ ಕ್ಯಾಮೆರಾ ಬಿಡಲಿಲ್ಲ. ಅದರ ಫಿಲ್ಮು ಅಂಗೈ ಅಗಲ. ಒಂದು ಸಲಕ್ಕೆ ಒಂದೇ ಚಿತ್ರ. ಫಿಲ್ಮಿಗೆ ಬೆಳಕು ತಾಗದ ಹಾಗೆ ಮುಂದೆ ಒಂದು ತೆಳ್ಳನೆಯ ತಗಡು ಇರುತ್ತದೆ. ಅದನ್ನು ಎಳೆದು ಸರಿಸಿ, ಆಮೇಲೆ ಗುಂಡಿ ಒತ್ತಬೇಕು. ಎಳೆಯುವುದನ್ನು ಮರೆತರೆ ಗಿರಾಕಿ ಎಷ್ಟೇ ಚೆನ್ನಾಗಿ ನಕ್ಕಿದ್ದರೂ ಫಿಲ್ಮಿನ ಮೇಲೆ ಏನೂ ಇರುವುದಿಲ್ಲ.

ಆ ತಗಡು ಎಳೆಯುವ ಕೆಲಸ ಮಗಳದು. ಆರು ವರ್ಷದವಳಿದ್ದಾಗಿನಿಂದ ಅವಳು ಕ್ಯಾಮೆರಾದ ಬಲಗಡೆ ನಿಲ್ಲುತ್ತಿದ್ದಳು. ಅಪ್ಪ ಗಿರಾಕಿಗೆ "ನೋಡಿ" ಅನ್ನುತ್ತಿದ್ದರು. ಗಿರಾಕಿ ಲೆನ್ಸಿನ ಕಡೆ ನೋಡುತ್ತಿದ್ದ. "ಉಸಿರು ಹಿಡೀರಿ" ಅನ್ನುತ್ತಿದ್ದರು. ಗಿರಾಕಿ ಬಿಗಿಯುತ್ತಿದ್ದ. ಆಮೇಲೆ ಮಗಳ ಕಡೆ ತಿರುಗದೆಯೇ, ಮೆಲ್ಲಗೆ, "ಎಳಿ." ಅವಳ ಬಲಗೈ ತಗಡನ್ನು ಸರ್ರನೆ ಎಳೆಯುತ್ತಿತ್ತು. ನೋಡಿ, ಹಿಡೀರಿ, ಎಳಿ. ಹೀಗೆ ಎಷ್ಟು ಸಾವಿರ ಸಲವೋ. ಅಪ್ಪ ಹೋದ ಮೇಲೆ ಮೂರೂ ಮಾತು ಅವಳೇ ಹೇಳಿಕೊಂಡು, ಅವಳೇ ಎಳೆದುಕೊಂಡು, ಸ್ಟುಡಿಯೋ ನಡೆಸಿದಳು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಸ್ಟುಡಿಯೋ ಅಕ್ಕ ಆದಳು. ಅಮ್ಮ ಕೂಡ ಸಿಟ್ಟು ಬಂದರೆ "ಏ ಸ್ಟುಡಿಯೋ" ಎಂದೇ ಕರೆಯುವುದು.

ಇನ್ನು ಆಕಾಶದ ಕಥೆ. ಮೂವತ್ತೈದನೇ ವಯಸ್ಸಿನಲ್ಲಿ ಊರಾಚೆಯ ಸಣ್ಣ ವಿಮಾನದ ಮೈದಾನಕ್ಕೆ ಅವಳನ್ನು ಗುಂಪು ಫೋಟೋ ತೆಗೆಯಲು ಕರೆದಿದ್ದರು. ಅಲ್ಲಿ ಪ್ಯಾರಾಚೂಟ್ ಕಟ್ಟಿ ಜಿಗಿಯುವುದನ್ನು ಕಲಿಸುತ್ತಾರೆ. ಹನ್ನೆರಡು ಜನ ಸಾಲಾಗಿ ನಿಂತರು. ಇವಳು ಕ್ಯಾಮೆರಾ ಹೂಡಿ "ನೋಡಿ" ಅಂದಳು. ಹನ್ನೊಂದು ಜನ ಕ್ಯಾಮೆರಾ ನೋಡಿದರು. ಮಧ್ಯೆ ನಿಂತಿದ್ದ, ಜಿಗಿತ ಕಲಿಸುವ ಮೇಷ್ಟ್ರು ಮಾತ್ರ ಮೇಲೆ ನೋಡುತ್ತಿದ್ದರು.

"ಸಾರ್, ಇಲ್ಲಿ ನೋಡಿ."

"ಮೋಡ ಸರೀತಾ ಇದೆಯಮ್ಮ. ನಿನ್ನದು ಬೇಗ ಮುಗಿದರೆ ಇನ್ನೊಂದು ಜಿಗಿತ ಆಗುತ್ತೆ."

ಸ್ಟುಡಿಯೋಗೆ ಬಂದವರು ಯಾರೂ ಅವಳಿಗೆ ಹೀಗೆ ಅವಸರ ಮಾಡಿರಲಿಲ್ಲ. ಅಂಥದ್ದೇನಿದೆ ಮೇಲೆ ಎಂದು ಕೇಳಿದಳು. ಮೇಷ್ಟ್ರು "ಹೇಳೋಕೆ ಬರಲ್ಲ, ಬೇಕಾದ್ರೆ ಬಾ" ಅಂದರು. ಅವಳು ಹೋದಳು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ.

ಕಲಿಯುವಾಗ ಒಂದು ಸಂಗತಿಯಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಎದೆಯ ಮೇಲೆ ಎರಡು ಹಿಡಿಕೆ ಇರುತ್ತವೆ. ಬಲಕ್ಕೆ ಕೆಂಪು ಬಟ್ಟೆಯದು, ಎಡಕ್ಕೆ ಬೆಳ್ಳಿಯಂಥ ಲೋಹದ್ದು. ದೊಡ್ಡ ಪ್ಯಾರಾಚೂಟ್ ಸಿಕ್ಕು ಬಿದ್ದರೆ ಕೆಂಪನ್ನು ಎಳೆಯಬೇಕು, ಅದು ಕಳಚಿ ಹೋಗುತ್ತದೆ. ತಕ್ಷಣ ಬೆಳ್ಳಿಯನ್ನು ಎಳೆಯಬೇಕು, ಬೆನ್ನಲ್ಲಿ ಕಾಯ್ದಿಟ್ಟ ಎರಡನೆಯ ಪ್ಯಾರಾಚೂಟ್ ಬಿಚ್ಚುತ್ತದೆ. ಕೆಂಪು, ಬೆಳ್ಳಿ. ನಡುವೆ ಯೋಚನೆ ಇಲ್ಲ. ಪ್ರತಿ ದಿನ ಬೆಳಿಗ್ಗೆ ನೆಲದ ಮೇಲೆ ನಿಂತು ಎಲ್ಲರೂ ಇದನ್ನು ಅಭ್ಯಾಸ ಮಾಡುತ್ತಾರೆ. ಮೇಷ್ಟ್ರು ಕೂಗುತ್ತಾರೆ: "ನೋಡು! ಹಿಡಿ! ಎಳಿ!" ಉಳಿದವರ ಕೈ ತಡವರಿಸುತ್ತಿತ್ತು. ಇವಳ ಕೈ ಮಾತು ಮುಗಿಯುವ ಮೊದಲೇ ಹೋಗಿರುತ್ತಿತ್ತು.

"ಹುಟ್ಟುತ್ತಲೇ ಕಲಿತು ಬಂದಿದೀಯೇನೇ?" ಎಂದು ಮೇಷ್ಟ್ರು ಬೆರಗಾಗಿ ಕೇಳಿದ್ದರು.

"ಆರು ವರ್ಷದವಳಿದ್ದಾಗಿಂದ ಕಲ್ತಿದ್ದು ಮೇಷ್ಟ್ರೇ," ಅಂದಿದ್ದಳು. ಅದನ್ನು ಕೇಳಿ ಎಲ್ಲರೂ ನಕ್ಕಿದ್ದರು. ನಗುವ ವಿಷಯ ಅದಾಗಿರಲಿಲ್ಲ ಎಂಬುದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಆ ಹತ್ತು ವರ್ಷದಲ್ಲಿ ಅವಳು ನಾನೂರು ಚಿಲ್ಲರೆ ಸಲ ಜಿಗಿದಳು. ಬಡಗಿಯಿಂದ ತೆಳು ಪ್ಲೈವುಡ್‌ನ ಪೆಟ್ಟಿಗೆ ಮಾಡಿಸಿ, ಮುಂದೆ ಅಪ್ಪನ ಹಿತ್ತಾಳೆ ಉಂಗುರದ ಲೆನ್ಸು ಕೂರಿಸಿ, ಹಿಂದೆ ಆ ಅಂಗೈ ಅಗಲದ ಫಿಲ್ಮು ಸಿಗಿಸಿ, ಎದೆಗೆ ಕಟ್ಟಿಕೊಂಡು ಬೀಳುತ್ತಾ ಬೀಳುತ್ತಾ ಫೋಟೋ ತೆಗೆಯುವುದನ್ನು ಕಲಿತಳು. ಉಳಿದವರು ಹೆಲ್ಮೆಟ್ಟಿನ ಮೇಲೆ ಗೋಲಿಯಷ್ಟು ಕ್ಯಾಮೆರಾ ಅಂಟಿಸಿಕೊಂಡು ಸಾವಿರಗಟ್ಟಲೆ ಚಿತ್ರ ತರುತ್ತಿದ್ದರು. ಇವಳು ಒಂದು ತರುತ್ತಿದ್ದಳು. ಬಂದರೆ.

ಆ ಶನಿವಾರ ತರಬೇಕಾಗಿದ್ದ ಒಂದು, ಮೇಷ್ಟ್ರ ಮುಖ.

ಮೇಷ್ಟ್ರಿಗೆ ಐವತ್ತೊಂಬತ್ತು. ಎಡಗಣ್ಣಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತದೆ ಎಂದು ಡಾಕ್ಟರ ಹತ್ತಿರ ಹೋದರೆ, ಒಳಗಿನ ಪರದೆ ತೆಳುವಾಗಿದೆ, ಸೋಮವಾರ ಬನ್ನಿ, ಸರಿ ಮಾಡುತ್ತೇನೆ, ಆಮೇಲೆ ಜಿಗಿತದ ಮಾತೇ ಬೇಡ ಅಂದರಂತೆ. "ಸೋಮವಾರಕ್ಕೆ ಮೊದಲು?" ಎಂದು ಇವರು ಕೇಳಿದರಂತೆ. ಡಾಕ್ಟರು "ನೀವು ಈಗ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ" ಎಂದು ಚೀಟಿ ಬರೆದುಕೊಟ್ಟರಂತೆ. ಹಾಗಾಗಿ ಶನಿವಾರದ ಜಿಗಿತವೇ ಕೊನೆಯದು.

ಫೋಟೋ ಬೇಕೆಂದವರು ಮೇಷ್ಟ್ರಲ್ಲ, ಅವರ ಹೆಂಡತಿ. ಆಕೆ ದರ್ಜಿ. ಗಂಡ ಜಿಗಿಯಲು ತೊಡುವ ಅಂಗಿಗಳನ್ನೆಲ್ಲ ಮೂವತ್ತು ವರ್ಷದಿಂದ ಆಕೆಯೇ ಹೊಲಿದದ್ದು. ಮೈದಾನಕ್ಕೆ ಮಾತ್ರ ಒಂದು ಸಲವೂ ಬಂದವರಲ್ಲ. ಸ್ಟುಡಿಯೋಗೆ ಬಂದು, ಕನ್ನಡಿಯ ಎದುರಿನ ಸ್ಟೂಲಿನಲ್ಲಿ ಕೂತು, ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಬಾಚಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮನೆಗೆ ಬರೋ ಮುಖ ನಂಗೆ ಗೊತ್ತು ಕಣಮ್ಮ. ಬಾಗಿಲು ತೆಗೆದ್ರೆ ಸಮಾಧಾನವಾಗಿ ನಿಂತಿರುತ್ತೆ, ಏನೂ ಆಗೇ ಇಲ್ಲ ಅನ್ನೋ ಹಾಗೆ. ಮೇಲಿರೋ ಮುಖ ನಿಮಗೆಲ್ಲ ತೋರಿಸಿ, ಮುಗಿಸಿ, ಒರೆಸಿಕೊಂಡು ಬರ್ತಾರೆ. ಅದನ್ನ ನಂಗೂ ಒಂದು ಸಲ ತೋರಿಸು."

"ಮೈದಾನದಲ್ಲಿ ಬೇಕಾದಷ್ಟು ಫೋಟೋ ಇದಾವಲ್ಲ ಅತ್ತಿಗೆ?"

"ನೋಡಿದ್ದೀನಿ. ಗಾಳಿ ಹೊಡೆದು ಕೆನ್ನೆ ಊದಿದ ಯಾರೋ ಒಬ್ಬ. ಅವನು ನನ್ನ ಗಂಡ ಅಂತ ನೀವು ಹೇಳಿದ್ರೆ ನಾನು ನಂಬಬೇಕು."

ಸ್ಟುಡಿಯೋ ಅಕ್ಕನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಎರಡು ಜಿಗಿತದಲ್ಲಿ ಆ ಮುಖ ಹಿಡಿಯಲು ಪ್ರಯತ್ನಿಸಿದಳು. ಮೊದಲ ಸಲ ದಪ್ಪ ಕೈಗವಸಿನ ಬೆರಳಿಗೆ ತೆಳ್ಳನೆಯ ತಗಡು ಸಿಗಲೇ ಇಲ್ಲ, ಫಿಲ್ಮು ಖಾಲಿ. ಎರಡನೆಯ ಸಲ ಅರ್ಧ ಸರಿದು ನಿಂತಿತು. ಫಿಲ್ಮಿನ ಮೇಲೆ ಮೇಷ್ಟ್ರ ಒಂದು ಕಿವಿ, ಒಂದು ಕಣ್ಣು, ಅರ್ಧ ಮೂಗು. ಅದನ್ನು ನೋಡಿ ಆಕೆ, "ಅರ್ಧ ಗಂಡನ್ನ ಕೊಟ್ಯಲ್ಲೇ, ಇನ್ನರ್ಧ ಯಾರಿಗಿಟ್ಟೆ?" ಎಂದು ನಕ್ಕರು. ನಗುವಾಗ ಕಣ್ಣು ಮಾತ್ರ ಚಿತ್ರದಿಂದ ಏಳಲಿಲ್ಲ.

ಉಳಿದದ್ದು ಒಂದು ಜಿಗಿತ, ಒಂದು ಫಿಲ್ಮು.

ಮೈದಾನದಲ್ಲಿ ಪ್ಯಾರಾಚೂಟ್ ಮಡಿಸುವವನೊಬ್ಬನಿದ್ದ. ಉದ್ದನೆಯ ಮೇಜಿನ ಮೇಲೆ ಹಾಸಿ, ಮೊಣಕಾಲಲ್ಲಿ ಒತ್ತಿ, ಗಾಳಿ ಹೊರಡಿಸಿ ಮಡಿಸುತ್ತಾನೆ. ಎಲ್ಲರೂ ಅವನನ್ನು ಮಡಿಕೆ ಮಾವ ಅನ್ನುತ್ತಿದ್ದರು. ಅವನ ಕೈಯಲ್ಲಿ ಮಡಿಸಿದ್ದು ಬಿಚ್ಚದೆ ಹೋದದ್ದಿಲ್ಲ. ತಗಡು ಕೈಗೆ ಸಿಗುವುದಿಲ್ಲ ಎಂದು ಅಕ್ಕ ಗೋಳಾಡಿದ್ದನ್ನು ಅವನು ಕೇಳಿಸಿಕೊಂಡಿದ್ದ. ಶನಿವಾರ ಬೆಳಿಗ್ಗೆ ಬಂದರೆ ತಗಡಿನ ತುದಿಗೆ ಒಂದು ಹಿಡಿಕೆ ಹೊಲಿದು ಇಟ್ಟಿದ್ದ. ಮೆತ್ತಗೆ, ದಪ್ಪಗೆ, ಮುಷ್ಟಿ ತುಂಬುವಷ್ಟು. ಹಾರಾಡದ ಹಾಗೆ ಅಂಟುಪಟ್ಟಿಯೂ ಇತ್ತು.

"ಈಗ ಕಣ್ಣು ಮುಚ್ಚಿದ್ರೂ ಸಿಗುತ್ತೆ," ಅಂದ. "ಉಳಿದ ಬಟ್ಟೇಲಿ ಮಾಡಿದ್ದು. ಗಟ್ಟಿ ಬಟ್ಟೆ."

ಅಕ್ಕ ಎಳೆದು ನೋಡಿದಳು. ಸರ್ರನೆ ಬಂತು. ಮೇಷ್ಟ್ರು ಎಳೆದು ನೋಡಿದರು. "ಇದಪ್ಪಾ ಕೆಲಸ," ಎಂದರು. ಮೂವರೂ ಸೇರಿದರೆ ಅಲ್ಲಿ ನಲವತ್ತು ವರ್ಷಕ್ಕೂ ಮೀರಿದ ಅನುಭವ ನಿಂತಿತ್ತು. ಆ ಉಳಿದ ಬಟ್ಟೆ ಕೆಂಪು ಎಂಬುದನ್ನೂ, ಎಲ್ಲರ ಎದೆಯ ಬಲಗಡೆಯ ಹಿಡಿಕೆ ಹೊಲಿದ ಬಟ್ಟೆಯೇ ಅದು ಎಂಬುದನ್ನೂ ಮೂವರೂ ಕಂಡರು, ಒಬ್ಬರೂ ನೋಡಲಿಲ್ಲ.

ವಿಮಾನ ಏರುವಾಗ ಒಳಗೆ ಅವರಿಬ್ಬರೇ, ಜೊತೆಗೆ ಪೈಲಟ್. ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಪೆಟ್ಟಿಗೆ ಅಕ್ಕನ ಎದೆಯ ಮೇಲೆ ಅದರ ಪಾಡಿಗೆ ಅದು. ಮೇಷ್ಟ್ರು ಎಂದಿನಂತೆ ಹಿಡಿಕೆಗಳ ಅಭ್ಯಾಸ ಮಾಡಿಸಿದರು. ಕೊನೆಯ ದಿನ ಎಂದು ದನಿ ಸ್ವಲ್ಪ ಜೋರಾಗಿಯೇ ಇತ್ತು. ನೋಡು, ಹಿಡಿ, ಎಳಿ. ಅಕ್ಕ ಎಳೆಯುವ ಹಾಗೆ ಕೈ ಆಡಿಸಿದಳು.

"ನಿನ್ನ ಕ್ಯಾಮೆರಾಕ್ಕೂ ಪರದೆ, ನನ್ನ ಕಣ್ಣಿಗೂ ಪರದೆ," ಮೇಷ್ಟ್ರು ಎಂಜಿನ್ ಸದ್ದಿನ ಮೇಲೆ ಕೂಗಿದರು. "ನಿನ್ನದು ಸರಿದರೆ ಫೋಟೋ. ನನ್ನದು ಸರಿದರೆ ಕತ್ತಲೆ. ಎರಡೂ ಒಟ್ಟಿಗೆ ಸರಿಯದ ಹಾಗೆ ನೋಡ್ಕೋ."

"ಕೆಟ್ಟ ಮಾತಾಡಬೇಡಿ ಮೇಷ್ಟ್ರೇ."

"ಹೆದರಿದ್ಯಾ?"

"ಫಿಲ್ಮು ಒಂದೇ ಇರೋದು."

"ನಾನೂ ಒಬ್ಬನೇ ಇರೋದು. ನನಗಿಲ್ಲದ ಭಯ ನಿನಗ್ಯಾಕೆ?"

ಲೆಕ್ಕ ಸರಳವಾಗಿತ್ತು. ಹದಿಮೂರು ಸಾವಿರದಲ್ಲಿ ಜಿಗಿಯುವುದು. ಒಂಬತ್ತು ಸಾವಿರದ ಹೊತ್ತಿಗೆ ಮೇಷ್ಟ್ರು ಎದುರಿಗೆ ಹತ್ತು ಅಡಿ ದೂರಕ್ಕೆ ಬಂದು ನಿಲ್ಲುವುದು. ಲೆನ್ಸಿನ ಉಂಗುರವನ್ನು ಹತ್ತು ಅಡಿಗೆ ತಿರುಗಿಸಿ, ಅಲುಗಾಡದ ಹಾಗೆ ಟೇಪು ಸುತ್ತಿತ್ತು. ಅವರು ತಲೆ ಆಡಿಸಿದಾಗ ಅಕ್ಕ ಬಲಗೈಯಿಂದ ತಗಡು ಎಳೆದು, ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತುವುದು. ಆರು ಸಾವಿರದಲ್ಲಿ ದೂರ ಸರಿದು, ನಾಲ್ಕೂವರೆ ಸಾವಿರದಲ್ಲಿ ಸೊಂಟದ ಹಿಂದಿನ ಹಿಡಿಯನ್ನು ಎಳೆದು ಗಾಳಿಗೆ ಎಸೆದು ದೊಡ್ಡ ಪ್ಯಾರಾಚೂಟ್ ಬಿಚ್ಚುವುದು.

ಬಾಗಿಲು ತೆರೆಯಿತು. ಗಾಳಿ ಒಳಗೆ ನುಗ್ಗಿತು. ಮೇಷ್ಟ್ರು ಹೊರಗೆ ಹೋದರು, ಅಕ್ಕ ಹಿಂದೆಯೇ ಹೋದಳು.

ಮೊದಲ ಹತ್ತು ಸೆಕೆಂಡು ಪೆಟ್ಟಿಗೆಯೊಡನೆ ಜಗಳ. ಗಾಳಿ ಅದನ್ನು ಗದ್ದಕ್ಕೆ ಎತ್ತಿ ಎತ್ತಿ ಒತ್ತುತ್ತದೆ. ಬೆನ್ನು ಬಾಗಿಸಿ, ಕಾಲು ಚಾಚಿ, ಅದರ ಮೇಲೆ ಮಲಗಿದಂತೆ ಮಾಡಿದರೆ ಸುಮ್ಮನಾಗುತ್ತದೆ. ಸುಮ್ಮನಾಯಿತು. ಮೇಷ್ಟ್ರು ಬಲಗಡೆಯಿಂದ ತೇಲಿ ಬಂದರು. ಅವರು ಬೀಳುತ್ತಿದ್ದಾರೆ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಪಡಸಾಲೆಯಲ್ಲಿ ನಡೆದು ಬಂದಂತೆ ಬಂದು, ಹತ್ತು ಅಡಿಗೆ ನಿಂತರು. ಬೆಳಕು ಅವರ ಎಡಗೆನ್ನೆಯ ಮೇಲೆ, ಎಲ್ಲಿ ಬೀಳಬೇಕೋ ಅಲ್ಲೇ. ಅಕ್ಕ ಪೆಟ್ಟಿಗೆಯ ಮೇಲಿನ ತಂತಿ ಚೌಕಟ್ಟಿನಲ್ಲಿ ಅವರ ಮುಖ ಇಟ್ಟಳು. ಎಡ ಹೆಬ್ಬೆರಳು ಗುಂಡಿಯ ಮೇಲೆ. ಮಣಿಕಟ್ಟಿಗೆ ಕಟ್ಟಿದ ಎತ್ತರಮಾಪಕದ ಮುಳ್ಳು ಒಂಬತ್ತು ಸಾವಿರಕ್ಕೆ ಬಂತು.

ಮೇಷ್ಟ್ರು ತಲೆ ಆಡಿಸಿದರು.

ನೋಡಿ. ಹಿಡೀರಿ. ಎಳಿ.

ಆ ಮಾತು ಅಪ್ಪನದೋ, ಮೇಷ್ಟ್ರದೋ, ಅವಳದೇ ಒಳಗಿನದೋ, ಅವಳಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಬಲಗೈ ಹೋಯಿತು, ಮೆತ್ತಗಿದ್ದದ್ದನ್ನು ಮುಷ್ಟಿ ತುಂಬ ಹಿಡಿಯಿತು, ಎಳೆಯಿತು. ಸರ್ರನೆ ಬಂತು. ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿಯೇ ಬಂತು.

ಕೈಯಲ್ಲಿ ಕೆಂಪು ಹಿಡಿಕೆ. ಅದರ ಬಾಲದಲ್ಲಿ ಎರಡು ಹಳದಿ ತಂತಿಗಳು ಗಾಳಿಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿದ್ದವು. ತಗಡಿನ ಹಿಡಿಕೆ ಇದ್ದ ಜಾಗದಲ್ಲೇ ಇತ್ತು, ನಾಲ್ಕು ಬೆರಳು ಮೇಲೆ, ಪೆಟ್ಟಿಗೆಯ ಪಕ್ಕದಲ್ಲಿ.

ಏನೂ ಆಗಲಿಲ್ಲ. ಕೇಳುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಸದ್ದಿಲ್ಲ, ಜಗ್ಗಾಟವಿಲ್ಲ, ಗಾಳಿ ಹಾಗೇ, ಬೆಳಕು ಹಾಗೇ, ಮೇಷ್ಟ್ರು ಹಾಗೇ. ಆದರೆ ಅವಳ ಬೆನ್ನಿನ ಚೀಲದಲ್ಲಿ ಮಡಿಸಿಟ್ಟ ದೊಡ್ಡ ಪ್ಯಾರಾಚೂಟಿಗೂ ಅವಳಿಗೂ ಇದ್ದ ಸಂಬಂಧ ಆ ಗಳಿಗೆಗೆ ಮುಗಿದಿತ್ತು. ಈಗ ಅದನ್ನು ಬಿಚ್ಚಿದರೆ ಅದು ಅವಳನ್ನು ಬಿಟ್ಟು ತಾನೊಂದೇ ಹಾರಿ ಹೋಗುತ್ತದೆ.

ಕೆಂಪು, ಬೆಳ್ಳಿ. ನಡುವೆ ಯೋಚನೆ ಇಲ್ಲ.

ಅವಳು ಯೋಚಿಸಿದಳು. ಅದನ್ನು ಅವಳು ಆಮೇಲೆ ಯಾರ ಮುಂದೆಯೂ ಮುಚ್ಚಿಡಲಿಲ್ಲ. ಎಂಟು ಸಾವಿರದ ಐನೂರು. ಮೇಷ್ಟ್ರು ಇನ್ನೂ ಚೌಕಟ್ಟಿನಲ್ಲಿದ್ದಾರೆ. ತಗಡು ಎಳೆಯಲು ಒಂದು ಸೆಕೆಂಡು, ಗುಂಡಿಗೆ ಅರ್ಧ. ಆಮೇಲೆ ಬೆಳ್ಳಿ ಎಳೆದರಾಯಿತು. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ. ಎಡ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಸೋಮವಾರದ ಮೇಲೆ ಈ ಮುಖ ಆಕಾಶದಲ್ಲಿ ಇರುವುದಿಲ್ಲ. ಆ ಹೆಂಗಸು ಸ್ಟೂಲಿನ ಮೇಲೆ ಕೂತು ಬಾಚಣಿಗೆ ತಿರುಗಿಸುತ್ತಾರೆ.

ಮೇಷ್ಟ್ರು ಹಳದಿ ತಂತಿ ಕಂಡರು. ಅವರ ಕೈ ನೆಟ್ಟಗೆ ಚಾಚಿ, ತೋರುಬೆರಳು ಅವಳ ಎದೆಯ ಎಡಗಡೆಗೆ ಗುರಿಯಿಟ್ಟು, ಎರಡು ಸಲ ಚುಚ್ಚಿತು.

ಆ ಬೆರಳಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಕೆಂಪು ಹಿಡಿಕೆಯನ್ನು ಬಿಟ್ಟಳು. ಅದು ಮೇಲಕ್ಕೆ ಹಾರಿ ಕಾಣೆಯಾಯಿತು. ಬೆಳ್ಳಿ ಹಿಡಿಕೆ ಕಾಣಲಿಲ್ಲ. ಪೆಟ್ಟಿಗೆ ಓರೆಯಾಗಿ ಅದರ ಮೇಲೆ ಕೂತಿತ್ತು. ಬಲಗೈಯಿಂದ ಪೆಟ್ಟಿಗೆಯ ಅಂಚನ್ನು ಎತ್ತಿದಳು. ಗಾಳಿ ಒಳಹೊಕ್ಕು ಅವಳನ್ನು ಬುಗುರಿಯಂತೆ ಒಂದು ಸುತ್ತು ತಿರುಗಿಸಿತು. ಮೇಷ್ಟ್ರು ಹೋದರು, ನೆಲ ಬಂತು, ಮೇಷ್ಟ್ರು ಬಂದರು. ಎಡಗೈ ಲೋಹವನ್ನು ತಡಕಿ ಹಿಡಿಯಿತು. ಬಲಗೈ ಬಂದು ಅದರ ಮೇಲೆ ಕೂತಿತು. ಎರಡೂ ಕೈಯಿಂದ ಎಳೆದಳು.

ಬೆನ್ನ ಹಿಂದೆ ಏನೋ ಹರಿದ ಸದ್ದು. ಯಾರೋ ಹೆಗಲು ಹಿಡಿದು ಮೇಲಕ್ಕೆ ಜಗ್ಗಿದ ಹಾಗೆ. ಪೆಟ್ಟಿಗೆ ಎದ್ದು ಗದ್ದಕ್ಕೆ ಬಡಿಯಿತು, ತುಟಿ ಸೀಳಿ ಬಾಯಲ್ಲಿ ಉಪ್ಪು. ಆಮೇಲೆ ನಿಶ್ಶಬ್ದ. ತಲೆಯೆತ್ತಿ ನೋಡಿದಳು. ಬಿಳಿಯ ಸಣ್ಣ ಪ್ಯಾರಾಚೂಟ್, ನಾಲ್ಕು ಮೂಲೆಯೂ ನೆಟ್ಟಗೆ. ಏಳು ಸಾವಿರದ ಎಂಟುನೂರು ಅಡಿ. "ಹೋಯ್ತು," ಎಂದಳು ಗಟ್ಟಿಯಾಗಿ. ಹೋದದ್ದು ಪ್ರಾಣವಲ್ಲ, ಫೋಟೋ.

ಮೇಷ್ಟ್ರು ಕೆಳಗೆ ಬಿದ್ದುಕೊಂಡು ಹೋಗಬೇಕಿತ್ತು. ನಾಲ್ಕೂವರೆ ಸಾವಿರದವರೆಗೂ ಅವರ ಪಾಲಿನ ಗಾಳಿ ಬಾಕಿಯಿತ್ತು. ಕೊನೆಯ ಜಿಗಿತದ ಕೊನೆಯ ಇಪ್ಪತ್ತು ಸೆಕೆಂಡು. ಅವರು ಅದನ್ನು ಬಿಟ್ಟುಕೊಟ್ಟರು. ಸ್ವಲ್ಪ ಕೆಳಗೆ, ಎಡಕ್ಕೆ, ಅವರ ನೀಲಿ ಪ್ಯಾರಾಚೂಟ್ ಅರಳಿತು. ಅವಳ ಸಣ್ಣ ಪ್ಯಾರಾಚೂಟ್ ಪೆಟ್ಟಿಗೆಯ ಭಾರಕ್ಕೆ ಬೇಗ ಇಳಿಯುತ್ತಿತ್ತು, ಅವರದು ನಿಧಾನ. ಇಬ್ಬರೂ ಒಂದೇ ಎತ್ತರಕ್ಕೆ ಬಂದರು. ಮೇಷ್ಟ್ರು ತಿರುಗಿಸಿ ತಿರುಗಿಸಿ ನಲವತ್ತು ಅಡಿ ಹತ್ತಿರಕ್ಕೆ ತಂದರು. ಅದಕ್ಕಿಂತ ಹತ್ತಿರ ಬಂದರೆ ಎರಡೂ ಸಿಕ್ಕು.

"ಸರಿ ಇದ್ದೀಯಾ?"

"ಇದ್ದೀನಿ!"

"ರಕ್ತ!"

"ತುಟಿ ಅಷ್ಟೇ!"

ಅಕ್ಕ ಆಗ ಅವರ ಮುಖ ನೋಡಿದಳು. ಹತ್ತು ವರ್ಷದಲ್ಲಿ ಆ ಮುಖವನ್ನು ಅವಳು ಕಂಡಿರಲಿಲ್ಲ. ಕನ್ನಡಕ ಹಣೆಗೇರಿತ್ತು, ಬಾಯಿ ತೆರೆದಿತ್ತು, ಹುಬ್ಬು ಎರಡೂ ಒಂದಾಗಿದ್ದವು. ಅವಳ ಕೈ, ಅವಳನ್ನು ಕೇಳದೆಯೇ, ಪ್ಯಾರಾಚೂಟ್ ತಿರುಗಿಸುವ ಹಿಡಿಗಳನ್ನು ಬಿಟ್ಟಿತು.

ಹತ್ತು ಅಡಿಗೆ ಟೇಪು ಸುತ್ತಿದ ಉಂಗುರ. ನಲವತ್ತು ಅಡಿ ದೂರದ ಮುಖ. ಹಾಗೇ ತೆಗೆದರೆ ಮಂಜು. ಹಲ್ಲಿನಿಂದ ಬಲ ಕೈಗವಸು ಕಿತ್ತು ಉಗುಳಿದಳು. ಉಗುರಿನಿಂದ ಟೇಪಿನ ತುದಿ ಕೆರೆದಳು. ಬರಲಿಲ್ಲ. ಪ್ಯಾರಾಚೂಟ್ ತನ್ನಷ್ಟಕ್ಕೆ ಎಡಕ್ಕೆ ವಾಲಿತು, ನೀಲಿ ಬಟ್ಟೆಯ ಕಡೆಗೆ.

"ಹಿಡಿ ಹಿಡ್ಕೊಳ್ಳೇ!" ಮೇಷ್ಟ್ರು ಕಿರುಚಿದರು. "ಕೈ ಮೇಲೆ! ಕೈ ಮೇಲೆ, ಕತ್ತೆ!"

ಟೇಪು ಬಂತು. ಉಂಗುರ ತಿರುಗಿಸಿದಳು, ಹದಿನೈದು, ಇಪ್ಪತ್ತೈದು, ನಲವತ್ತು. ತಗಡಿನ ಹಿಡಿಕೆಯನ್ನು ಕಣ್ಣಿಟ್ಟು ನೋಡಿ, ಇದೇ ಹೌದೇ ಎಂದು ಮತ್ತೊಮ್ಮೆ ನೋಡಿ, ಎಳೆದಳು. ಇಬ್ಬರ ನಡುವಿನ ದೂರ ಮೂವತ್ತೈದಕ್ಕೆ ಬಂದಿರಬೇಕು. ಮೇಷ್ಟ್ರು ದೂರ ತಿರುಗಿಸಲು ಒಂದು ಕೈ ಕೆಳಗೆಳೆದರು, ಮುಖ ಮಾತ್ರ ಅವಳ ಕಡೆಗೇ ಇತ್ತು. ಹೆಬ್ಬೆರಳು ಒತ್ತಿತು. ಅಷ್ಟು ಎತ್ತರದಲ್ಲೂ 'ಕ್ಲಿಕ್' ಕೇಳಿಸಿತು.

ಮೈದಾನದ ಆಚೆಯ ಬೀಳು ನೆಲದಲ್ಲಿ ಮುಗ್ಗರಿಸಿ ಇಳಿದಳು. ಮೊದಲು ಓಡಿ ಬಂದದ್ದು ಮಡಿಕೆ ಮಾವ.

"ಹಿಡಿಕೆ ಎಲ್ಲಮ್ಮಾ? ಆಕಾಶಕ್ಕೆ ದಾನ ಕೊಟ್ಯಾ?" ಎಂದು ದೂರದಿಂದಲೇ ಶುರುಮಾಡಿದವನು, ಹತ್ತಿರ ಬಂದು ಅವಳ ಎದೆ ನೋಡಿ ನಿಂತ. ಬಲಗಡೆ ಕೆಂಪು ಹಿಡಿಕೆ ಇದ್ದ ಜಾಗ ಖಾಲಿ. ಅದರ ಮೇಲೆ ನಾಲ್ಕು ಬೆರಳು ಅಂತರದಲ್ಲಿ, ತಾನು ಹೊಲಿದ ಕೆಂಪು. ಜೇಬಿನಿಂದ ಕತ್ತರಿ ತೆಗೆದು, ಅಲ್ಲೇ ಮಂಡಿಯೂರಿ ಆ ಹಿಡಿಕೆಯನ್ನು ತಗಡಿನಿಂದ ಕತ್ತರಿಸಿದ.

"ಮಾವ, ಎಳೆದದ್ದು ನಾನು."

"ಹೊಲಿದದ್ದು ನಾನು," ಅಂದ.

ಮೇಷ್ಟ್ರು ಕಚೇರಿಯಲ್ಲಿ ಮೇಜಿನ ಹಿಂದೆ ಕೂತಿದ್ದರು. ಮುಂದೆ ಜಿಗಿತಗಳ ಪುಸ್ತಕ. ಅಕ್ಕ ತುಟಿಗೆ ಹತ್ತಿ ಒತ್ತಿಕೊಂಡು ನಿಂತಳು.

"ಆರು ತಿಂಗಳು ಪೆಟ್ಟಿಗೆ ನೆಲದ ಮೇಲೆ," ಎಂದರು, ತಲೆ ಎತ್ತದೆ. "ನೀನು ಬೇಕಾದರೆ ಜಿಗಿ, ಅದು ಬೇಡ."

"ಆಯ್ತು ಮೇಷ್ಟ್ರೇ."

"ಯಾಕೆ ಅಂತ ಕೇಳು."

"ತಪ್ಪು ಎಳೆದೆ."

"ಅಲ್ಲ. ಅದು ಮೂವರ ತಪ್ಪು, ಅದರಲ್ಲಿ ನನ್ನದೂ ಒಂದು ಪಾಲು ಬರೀತೀನಿ. ಆಮೇಲೆ ಕೈ ಬಿಟ್ಟೆಯಲ್ಲ, ಅದು ನಿನ್ನೊಬ್ಬಳದು." ಬರೆದರು, ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಲು ಎರಡು ಸಲ ತಪ್ಪಿತು. "ಬಿದ್ದಿದೆಯಾ ಫೋಟೋ?"

"ತೊಳೆದು ನೋಡಬೇಕು."

"ಬಿದ್ದಿರದಿದ್ರೆ ವಾಸಿ. ನಾನು ಬೈತಿದ್ದೆ."

ಬಿದ್ದಿತ್ತು. ಕತ್ತಲೆ ಕೋಣೆಯ ತಟ್ಟೆಯಲ್ಲಿ ಕಾಗದದ ಮೇಲೆ ಮೊದಲು ಎದ್ದದ್ದು ನೀಲಿ ಪ್ಯಾರಾಚೂಟಿನ ಬೂದು ಬೆನ್ನು, ಆಮೇಲೆ ದಾರಗಳು ಒಂದೊಂದಾಗಿ, ಆಮೇಲೆ ಅವುಗಳ ಕೆಳಗೆ ಮನುಷ್ಯ. ಫಿಲ್ಮಿನಲ್ಲಿ ಅವರ ಮುಖ ಅಕ್ಕಿಕಾಳಿಗಿಂತ ಚಿಕ್ಕದು. ಅಕ್ಕ ದೊಡ್ಡದು ಮಾಡಿದಳು. ಹೆಬ್ಬೆರಳ ಉಗುರಿನಷ್ಟಾಯಿತು. ನೋಡಿ, ಇದನ್ನು ಕೊಡಲೇ ಬೇಡವೇ ಎಂದು ಎರಡು ದಿನ ಡ್ರಾಯರಿನಲ್ಲಿ ಇಟ್ಟಳು. ಅತ್ತಿಗೆ ಕೇಳಿದ್ದು ಮೇಲಿನ ಮುಖ. ಗಾಳಿಯಲ್ಲಿ ಪಡಸಾಲೆಯಲ್ಲಿದ್ದಂತೆ ನಿಲ್ಲುವವನ ಮುಖ. ಇದು ಅದಲ್ಲ.

ಬುಧವಾರ ಇಬ್ಬರೂ ಸ್ಟುಡಿಯೋಗೆ ಬಂದರು. ಮೇಷ್ಟ್ರ ಎಡಗಣ್ಣಿಗೆ ಹತ್ತಿಯ ಪಟ್ಟಿ. ಹೆಂಡತಿ ಅವರ ತೋಳು ಹಿಡಿದಿದ್ದರು. ಅಮ್ಮ ಒಳಗಿನಿಂದ ಬಂದು ಸ್ಟೂಲು ಒರೆಸಿಕೊಟ್ಟು ಹೋದರು. ಅಕ್ಕ ಚಿತ್ರವನ್ನು ಗಿರಾಕಿಗಳ ಮೇಜಿನ ಮೇಲೆ ಇಟ್ಟು, ಭೂತಗನ್ನಡಿ ಪಕ್ಕದಲ್ಲಿಟ್ಟಳು.

ಮೇಷ್ಟ್ರು ಒಂದೇ ಕಣ್ಣಿನಲ್ಲಿ ಮೊದಲು ನೋಡಿದರು. "ಇದೇನು ಬಾಯಿ ಹೀಗೆ? ಇದು ನಾನಲ್ಲ. ಹರಿದು ಹಾಕು."

"ಕೊಡಿ ಇಲ್ಲಿ," ಹೆಂಡತಿ ಭೂತಗನ್ನಡಿ ಕಿತ್ತುಕೊಂಡರು. ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಹೊರಗೆ ಎರಡು ಬಸ್ಸು ಬಂದು ಹೋದವು.

"ಇವರು ಆಗ ಏನು ಹೇಳ್ತಿದ್ರು?"

"ಬೈತಿದ್ರು ಅತ್ತಿಗೆ."

"ಏನಂತ?"

ಅಕ್ಕ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಕನ್ನಡಿ ನೋಡುತ್ತಿದ್ದರು. "ಕತ್ತೆ ಅಂತ," ಅಂದಳು.

"ಮೂವತ್ತು ವರ್ಷ ಆಯ್ತು, ಒಂದು ದಿನ ದನಿ ಎತ್ತಿಲ್ಲ," ಎಂದರು ಆಕೆ, ಚಿತ್ರಕ್ಕೇ ಹೇಳುವ ಹಾಗೆ. "ನಾನು ಮನೇಲಿ ಕೂತು ಹೆದರಿ ಸಾಯ್ತಿದ್ದೆ. ಇವರಿಗೆ ಹೆದರೋಕೇ ಬರಲ್ಲ, ಎಲ್ಲಾ ನಂಗೇ ಬಿಟ್ಟಿದಾರೆ ಅಂದ್ಕೊಂಡಿದ್ದೆ." ಮತ್ತೆ ಬಗ್ಗಿದರು. "ಬರುತ್ತೆ ಇವರಿಗೆ. ಎಷ್ಟು ಚೆನ್ನಾಗಿ ಬರುತ್ತೆ ನೋಡು."

"ಅವಳು ಕೈ ಬಿಟ್ಟಿದ್ಲು ಕಣೇ," ಮೇಷ್ಟ್ರು ಗೊಣಗಿದರು.

"ನೀವು ಸುಮ್ನಿರಿ. ನಿಮ್ಮ ಹತ್ರ ನಾನು ಮಾತಾಡ್ತಿಲ್ಲ." ಸೆರಗಿನಿಂದ ಭೂತಗನ್ನಡಿ ಒರೆಸಿದರು, ಅದು ಒದ್ದೆಯಾಗಿತ್ತು. "ಇದನ್ನ ಎಷ್ಟು ದೊಡ್ಡದು ಮಾಡ್ಬಹುದಮ್ಮ?"

"ಮಾಡ್ಬಹುದು ಅತ್ತಿಗೆ. ಆದ್ರೆ ಮುಖ ತುಂಬಾ ಹಿಗ್ಗಿಸಿದ್ರೆ ಕಾಳು ಕಾಳಾಗಿ ಒಡೆಯುತ್ತೆ. ಹತ್ತಿರದಿಂದ ಏನೂ ತಿಳಿಯಲ್ಲ."

"ಒಡೀಲಿ. ಎದುರಿನ ಗೋಡೇಲಿ ಹಾಕ್ತೀನಿ, ಮಿಷನ್ ಹತ್ರ ಕೂತು ನೋಡ್ತೀನಿ." ಆಕೆ ಕುತ್ತಿಗೆಯ ಮೇಲಿನ ಅಳತೆ ಟೇಪು ಎಳೆದುಕೊಂಡು ಗಂಡನ ಕಡೆ ತಿರುಗಿದರು. "ದೊಡ್ಡದೂ ಬೇಡ, ಚಿಕ್ಕದೂ ಬೇಡ. ಮುಖ ಎಷ್ಟಿದೆಯೋ ಅಷ್ಟು. ಅಲ್ಲಾಡ್ಬೇಡಿ."

ಮೇಷ್ಟ್ರು ಅಲ್ಲಾಡಲಿಲ್ಲ. ಟೇಪಿನ ತುದಿಯನ್ನು ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ ಒತ್ತಿ, ಹತ್ತಿಯ ಪಟ್ಟಿಗೆ ತಾಗದ ಹಾಗೆ ಮೂಗಿನ ಪಕ್ಕ ಇಳಿಸಿ, ಗದ್ದದ ಕೆಳಗೆ ಹೆಬ್ಬೆರಳು ಇಟ್ಟರು.

"ಎಂಟೂಕಾಲು," ಎಂದರು. "ಬರ್ಕೋ."

ಅಕ್ಕ ಲಕೋಟೆಯ ಮೇಲೆ ಬರೆದುಕೊಂಡಳು.